ಇಬ್ಬರೂ ನಿಂತು ಎಸೆಯಬೇಕಾದ ಹಲ್ಲು

ಗುರುವಾರ, ಸಂಜೆ

ಗುಬ್ಬಿಯ ಅಪ್ಪನವರಿಗೆ,

ನಾವು ಕ್ಷೇಮ ಎಂದು ಶುರು ಮಾಡಬೇಕಿತ್ತು. ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ನೀವೇ. ಫೋನ್ ಮಾಡಿದರೆ ಮೂರನೆಯ ಮಾತಿಗೇ ಜಗಳ ಹತ್ತಿಕೊಳ್ಳುತ್ತದೆ, ಅದಕ್ಕೇ ಈ ಕಾಗದ, ನಾಳೆ ಕೆಲಸಕ್ಕೆ ಹೋಗುವಾಗ ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ನಡುವೆ ಬಾಯಿ ಹಾಕದೆ ಪೂರ್ತಿ ಓದಿ.

ಭಾನುವಾರ ನಿಮ್ಮ ಕೋಣೆಗೆ ಬಂದಿದ್ದಾಗ ಗುಬ್ಬಿಗೆ ಮೊದಲ ಹಲ್ಲು ಬಿತ್ತು. ಸಂತೋಷ. ಏಳು ವರ್ಷದ ಮಗುವಿಗೆ ಹಲ್ಲು ಬೀಳದೆ ಇನ್ನೇನು? ಬಾಯಿ ತೊಳೆಸಿ ಕಳಿಸಿದ್ದರೆ ಮುಗಿಯುತ್ತಿತ್ತು. ನೀವೋ, ದಿನವಿಡೀ ಮುದುಕರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವರು, ಹಲ್ಲು ಅಂದರೆ ಸಾಕು, ಪುರಾಣ ಬಿಚ್ಚುತ್ತೀರಿ. ಒಂದು ದೇಶದಲ್ಲಿ ದಿಂಬಿನ ಕೆಳಗಿಟ್ಟರೆ ಇಲಿ ಬಂದು ಒಯ್ಯುತ್ತದಂತೆ. ಇನ್ನೊಂದು ಕಡೆ ಸೂರ್ಯನತ್ತ ಎಸೆಯುತ್ತಾರಂತೆ. ಮತ್ತೆಲ್ಲೋ ಮಗು ಡಾಕ್ಟರಾಗಲಿ ಎಂದು ಆಸ್ಪತ್ರೆಯ ಅಂಗಳದಲ್ಲಿ ಹೂಳುತ್ತಾರಂತೆ. ಇಷ್ಟೆಲ್ಲ ಕೇಳಿ ಅವಳು ನಮ್ಮ ಕಡೆಯವರಂತೆ ಸೂರಿನ ಮೇಲೆ ಎಸೆಯುವುದನ್ನೇ ಆರಿಸಿಕೊಂಡಳು. ಅದಾದರೂ ಸರಿ. ಆದರೆ ಎಸೆಯುವಾಗ ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಹೊಸ ಹಲ್ಲು ಸೊಟ್ಟಗೆ ಬರುತ್ತದೆ ಅಂತ ಬಾಲ ಸೇರಿಸಿದಿರಲ್ಲ, ಅದು ಯಾವ ದೇಶದ ಪದ್ಧತಿ? ನಿನ್ನೆ ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ಪುಸ್ತಕ ತೆಗೆಸಿ ನೋಡಿದೆ. ಎಲ್ಲೂ ಇಲ್ಲ. ಆ ದೇಶದ ಪ್ರಜೆ ನೀವೊಬ್ಬರೇ.

ಸೋಮವಾರ ಕಾರ್ಖಾನೆಯಲ್ಲಿ ಇನ್ನೂರು ಕಾಲರು ಹೊಲಿದು ಬಂದವಳು, ಕೂರದೆ ಕಟ್ಟಡದ ಸೆಕ್ರೆಟರಿಯನ್ನು ಕಾಡಿ ಬೇಡಿ ತಾರಸಿಯ ಬೀಗದ ಕೈ ತಂದೆ. ಐದು ಮಹಡಿ ಹತ್ತಿದೆವು. ನೀರಿನ ಟ್ಯಾಂಕಿನ ಪಕ್ಕದ ಶೀಟು ತೋರಿಸಿ, ಅದೇ ನಮ್ಮ ಸೂರು, ಎಸೆ ಅಂದೆ. ಅವಳು ನನ್ನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಅಪ್ಪ ಎಲ್ಲಿ ಅಂದಳು. ಐದು ಮಹಡಿ ಇಳಿದೆವು.

ಈಗ ಪಕ್ಕದ ಹಲ್ಲೂ ಅಲ್ಲಾಡುತ್ತಿದೆ. ಮೊದಲನೆಯದನ್ನು ಎಸೆಯುವ ತನಕ ಎರಡನೆಯದು ಬೀಳಕೂಡದಂತೆ. ಅದಕ್ಕಾಗಿ ಎರಡು ದಿನದಿಂದ ಏನನ್ನೂ ಅಗಿದಿಲ್ಲ, ಬರೀ ಹಾಲು. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಅನ್ನುತ್ತಾರೆ. ಎರಡೂ ಇದ್ದು ಬಾಯಿ ತೆರೆಯದವಳಿಗೆ ಯಾವ ಗಾದೆ ಹೇಳಲಿ? ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ನಿಮ್ಮದೇ ಹಟ, ನಿಮ್ಮದೇ ಗಲ್ಲ.

ಇವತ್ತು ಟೀಚರ್ ಕರೆಸಿದ್ದರು. ಹಾಜರಿ ಕೂಗಿದ್ರೂ ತುಟಿ ಬಿಚ್ಚಲ್ಲ, ಮನೇಲಿ ಏನಾದ್ರೂ ತೊಂದ್ರೆನಾ ಅಂತ ಕೇಳಿದರು. ಏನಿಲ್ಲ, ಹಲ್ಲಿನ ಸಮಸ್ಯೆ ಅಂದೆ. ಅವರು ನಂಬಲಿಲ್ಲ. ನನಗೆ ಅವಮಾನವಾಯಿತು. ಬರುವ ದಾರಿಯಲ್ಲಿ ಅವಳು ಬ್ಯಾಗು ಹೊರಲಾರದೆ ನಿಂತುಬಿಟ್ಟಾಗ ಹೆದರಿಕೆಯೂ ಆಯಿತು.

ಹೌದು, ಎಂಟು ತಿಂಗಳ ಹಿಂದೆ ಮನೆ ಬಿಟ್ಟು ಹೋಗಿ ಅಂದವಳು ನಾನೇ. ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ನೀವು ಒಂದೇ ಸಲಕ್ಕೆ ಕೇಳಿದ್ದು ಅವತ್ತು ಮಾತ್ರ. ಸೋರುವ ನಲ್ಲಿ ಸರಿಮಾಡಿಸಿ ಅಂತ ನಾಲ್ಕು ವರ್ಷ ಬಡಕೊಂಡೆ, ಕಿವಿಗೇ ಬೀಳಲಿಲ್ಲ. ಹೋಗಿ ಅಂದದ್ದು ಮಾತ್ರ ಚೆನ್ನಾಗಿ ಬಿತ್ತು. ಅಂದವಳು ಆಮೇಲೆ ಏನು ಪಾಡು ಪಟ್ಟಳು ಅಂತ ಒಂದು ದಿನವಾದರೂ ಕೇಳಿದಿರಾ?

ಇರಲಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ತಾರಸಿ ಹತ್ತಿ, ನನ್ನ ಪಕ್ಕದಲ್ಲಿ ಐದು ನಿಮಿಷ ನಿಂತು, ಇಳಿದು ಹೋಗಿ. ಬೇರೇನೂ ಅರ್ಥ ಕಟ್ಟಬೇಡಿ. ಮಗು ಹೊಟ್ಟೆಗೆ ತಿನ್ನಲಿ ಅಂತ ಕರೆಯುತ್ತಿದ್ದೇನೆ, ಅಷ್ಟೇ.

ಇಂತಿ, ಸಾಕಾಗಿಹೋಗಿರುವ,
ಗುಬ್ಬಿಯ ಅಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಗುಬ್ಬಿ ಅಡುಗೆಮನೆಯಿಂದ ಓಡಿ ಬಂದಳು. ಹಸಿವು ತಡೆಯಲಾರದೆ ಕದ್ದು ಸೇಬು ಕಚ್ಚಿದ್ದಾಳೆ, ಎರಡನೆಯ ಹಲ್ಲೂ ಬಿದ್ದಿದೆ. ಸ್ವಲ್ಪ ಅತ್ತಳು. ಆಮೇಲೆ ಆ ಸೇಬು ಮುಗಿಸಿ, ಮೇಲೆ ಎರಡು ಬ್ರೆಡ್ಡೂ ತಿಂದಳು. ತಿಂದಾದ ಮೇಲೆ ನನ್ನ ಕೈ ಹಿಡಿದು, ಅಪ್ಪಂಗೆ ಹೇಳ್ಬೇಡಮ್ಮ, ನಾನು ತಿಂತಿದ್ದೀನಿ ಅಂತ ಗೊತ್ತಾದ್ರೆ ಬರಲ್ಲ ಅಂದಳು. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಹಾಗಾಗಿ ನೀವು ಇದನ್ನು ಓದಿಲ್ಲ. ಬನ್ನಿ.