ಹದಿನೇಳನೇ ಬಿಲ್ಲೆ

೩ ಮಾರ್ಚ್ ೧೯೫೮, ಸೋಮವಾರ

ಇವತ್ತೂ ಹದಿನೇಳನೇ ಬಿಲ್ಲೆ. ಮೊಳೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದೆ, ಒಳಗೆ ಹೋದೆ. ಹಾಜರಿಗೆ ಹಾಕುವ ಹಿತ್ತಾಳೆ ಬಿಲ್ಲೆ. ನಂಬರಿನ ಕೆಳಗೆ ಉಗುರಿನ ಗೀರು. ದೊರೆಸ್ವಾಮಿಯದಿರಬೇಕು. ಬಿಲ್ಲೆ ಅವನದು, ಅಚ್ಚು ಹಾಕುವ ಟ್ರೆಡಲ್ ಮೆಷಿನ್ನೂ ಅವನದು. ನಾನು ಅವನ ಮುಖವನ್ನೇ ನೋಡಿಲ್ಲ. ಡಿಸೆಂಬರಿನಲ್ಲಿ ಎದೆ ಕಾಯಿಲೆಯೆಂದು ಸ್ಯಾನಟೋರಿಯಂ ಸೇರಿದ. ಎಂಟು ವರ್ಷದ ಖಾಯಂ ಕೆಲಸ ಹೋಗಬಾರದು ಎಂದು ಫೋರ್‌ಮನ್ ರಾಮಯ್ಯನವರು ನನ್ನನ್ನು ಅವನ ಬಿಲ್ಲೆಯ ಮೇಲೆ ಹಾಕಿದರು. ಈ ಪ್ರೆಸ್ಸಿನಲ್ಲಿ ಹಿಂದಿನಿಂದಲೂ ಹಾಗೇ. ಒಬ್ಬ ಮಲಗಿದರೆ ಇನ್ನೊಬ್ಬ ಅವನ ಬಿಲ್ಲೆ ತೆಗೆಯುತ್ತಾನೆ. ಹಾಜರಿಯಲ್ಲಿ ಯಾರೂ ಮಲಗುವುದಿಲ್ಲ. ಸಂಬಳ ಅರ್ಧ ನನಗೆ, ಅರ್ಧ ಅವನ ಹೆಂಡತಿ ಭಾಗ್ಯಮ್ಮನಿಗೆ. ಮಾಲೀಕರಿಗೆ ಗೊತ್ತು. ಗೊತ್ತಿಲ್ಲದ ಹಾಗಿರುತ್ತಾರೆ.

ಬೈಂಡಿಂಗಿನವರ ತಮಾಷೆ ಇನ್ನೂ ಮುಗಿದಿಲ್ಲ.

"ಏನ್ ದೊರೆಸ್ವಾಮಿ, ಹೆಂಡ್ತಿ ಮಕ್ಳು ಚೆಂದಾಗವ್ರಾ?"

"ಹತ್ತೊಂಬತ್ತು ವರ್ಷಕ್ಕೇ ಮೂರು ಮಕ್ಳು ಕಣ್ರೋ ಇವ್ನಿಗೆ!"

"ನನ್ನ ಹೆಸರು ಚೆಲುವರಾಜು," ಅಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

೮ ಮಾರ್ಚ್, ಶನಿವಾರ

ಸಂಬಳ. ಇಷ್ಟು ದಿನ ರಾಮಯ್ಯನವರೇ ತಂದು ಕೊಡುತ್ತಿದ್ದರು, ಈ ಸಲ ನಾನೇ ಸಾಲಿನಲ್ಲಿ ನಿಂತೆ. ಗುಮಾಸ್ತ ಸುಂದರೇಶ ಚೀಟಿ ಕೊಟ್ಟ. ಬೇರೆಯವರು ಮಡಿಸಿ ಜೇಬಿಗಿಟ್ಟುಕೊಂಡರು, ನಾನು ನಿಂತು ಓದಿದೆ. ಮೂಲ ಸಂಬಳ, ತುಟ್ಟಿಭತ್ಯೆ, ಕೆಳಗೆ ಪ್ರಾವಿಡೆಂಟ್ ಫಂಡ್ ಎಂದು ಕಳೆದದ್ದು. ಹಿಡಿಯುವುದು ನನ್ನ ದುಡಿಮೆಯಿಂದ, ಸೇರುವುದು ಅವನ ಲೆಕ್ಕಕ್ಕೆ. ಮೇಲೆ ಹೆಸರು — ದೊರೆಸ್ವಾಮಿ. ಇಡೀ ಚೀಟಿಯಲ್ಲಿ ನಾನು ಎಲ್ಲೂ ಇಲ್ಲ.

"ಸೈನ್ ಹಾಕಯ್ಯ."

"ಯಾರ ಹೆಸರು ಹಾಕಲಿ?"

"ನಿಮ್ ತಾತಂದು ಹಾಕು! ಹಿಂದೆ ಎಷ್ಟ್ ಜನ ನಿಂತವ್ರೆ ನೋಡು."

"ಬೇರೆಯವರ ಹೆಸರು ನಾನು ಬರೆಯಲ್ಲ. ನನಗೂ ಒಂದು ಕಾಗದ ಕೊಡಿ, ಇಲ್ಲಿ ಕೆಲಸ ಮಾಡ್ತೀನಿ ಅಂತ."

ರಾಮಯ್ಯನವರು ಬಂದು ತೋಳು ಹಿಡಿದು ಪಕ್ಕಕ್ಕೆ ಎಳೆದರು. "ನಿಂಗೆ ಕಾಗ್ದ ಕೊಟ್ರೆ ಆ ಜಾಗದಲ್ಲಿ ಅವ್ನಿಲ್ಲ ಅಂತಾಯ್ತದೆ ಕಣೋ. ಅವನ್ನ ಸಾಯಿಸ್ತೀಯ? ಬುಡು, ನಾನಾಕ್ತೀನಿ." ಹಾಕಿದರು.

ಕೆಸರೆಯ ಮನೆಗೆ ನಡೆದುಕೊಂಡು ಬಂದೆ. ಸಹಿ ನಾನು ಮಾಡಲಿಲ್ಲ. ದುಡ್ಡು ಮಾತ್ರ ತೆಗೆದುಕೊಂಡೆ. ಇದು ಯಾವ ಸೀಮೆ ಪ್ರಾಮಾಣಿಕತೆ?

ಅವ್ವನಿಗೆ ಹೇಳಿದರೆ — "ರಜಾ ಚೀಟೀಲಿ ಜ್ವರ ಅಂತ ಬರಿ ಅಂದ್ರೆ ಸಿನಿಮಾ ಅಂತ ಬರ್ದು, ಮೇಷ್ಟ್ರ ಹತ್ರ ಜಗ್ಳ ಆಡಿ ಇಸ್ಕೂಲ್ ಬುಟ್ಟೋನು. ನಿಂಗೆ ಯಾರಪ್ಪ ಬುದ್ಧಿ ಏಳೋರು?" ಹೇಳಿ ನಕ್ಕಳು. ನನಗೂ ನಗು ಬಂತು.

೧೪ ಮಾರ್ಚ್, ಶುಕ್ರವಾರ

ಯುಗಾದಿಗೆ ಮುಂಚೆ ಪಂಚಾಂಗ ಮುಗಿಯಬೇಕು. ಜೊತೆಗೆ ಲಗ್ನಪತ್ರಿಕೆಗಳು. ಟ್ರೆಡಲಿಗೆ ಈಗ ಮೋಟಾರಿನ ಬೆಲ್ಟು — ಕಾಲು ತೆಗೆದರೂ ನಿಲ್ಲುವುದಿಲ್ಲ. ಮೆಷಿನ್ನು ಬಾಯಿ ತೆರೆದಾಗ ಕಾಗದ ಇಡಬೇಕು, ಮುಚ್ಚುವ ಮುಂಚೆ ಕೈ ತೆಗೆಯಬೇಕು. ಕೈ ಸಿಕ್ಕಿಕೊಳ್ಳದ ಹಾಗೆ ಅಡ್ಡ ಬರುವ ಕಂಬಿಯೊಂದಿತ್ತು. ಕೆಲಸ ತಡವಾಗುತ್ತದೆ ಎಂದು ಬಿಚ್ಚಿಸಿದರು.

"ಪಂಚಾಂಗ ಮುಗೀಲಿ, ಆಕೋಣ," ಅಂದರು ರಾಮಯ್ಯ.

ಬೆರಳಿನ ತುದಿಗೆ ಗಾಳಿ ಬೀಸಿದ ಹಾಗಾಗುತ್ತದೆ, ಪ್ರತಿ ಸಲವೂ.

೩೧ ಮಾರ್ಚ್, ಸೋಮವಾರ

ಎಡಗೈ. ಅಕ್ಷರ ಕುಂಟುತ್ತಿವೆ.

ಬಲಗೈ ತೋರುಬೆರಳು, ನಡುಬೆರಳು. ಅರ್ಧರ್ಧ ಹೋದವು. ಹದಿನೈದನೇ ತಾರೀಕು, ಮಧ್ಯಾಹ್ನ.

ಆಸ್ಪತ್ರೆಯಲ್ಲಿ ರಾಮಯ್ಯನವರು ಬರೆಸಿದ್ದು: ದೊರೆಸ್ವಾಮಿ, ಮೂವತ್ತನಾಲ್ಕು ವರ್ಷ. ನನಗೆ ಆಗ ಎಚ್ಚರವಿರಲಿಲ್ಲ. ಆಮೇಲೆ ಎಚ್ಚರವಿತ್ತು. ನರ್ಸಮ್ಮ "ದೊರೆಸ್ವಾಮಿ" ಎಂದು ಕರೆದರೆ "ಹ್ಞೂಂ" ಎಂದೆ. ಓಗೊಟ್ಟರೆ ನೋವು ಇಳಿಸುವ ಸೂಜಿ. ಮೂರು ದಿನ ಓಗೊಟ್ಟೆ.

ಸಂಜೆ ರಾಮಯ್ಯನವರು ಮನೆಗೆ ಬಂದರು. ಏಪ್ರಿಲ್ ಹನ್ನೊಂದಕ್ಕೆ ಇನ್‌ಸ್ಪೆಕ್ಟರು ಬರುತ್ತಾರಂತೆ, ಪೆಟ್ಟಾದವನನ್ನು ಕಣ್ಣಾರೆ ನೋಡಬೇಕಂತೆ.

"ನಾನೇ ದೊರೆಸ್ವಾಮಿ ಅಂದ್ಬುಡು. ಪರಿಹಾರ ಬತ್ತದೆ. ಪೂರ್ತಿ ನಿಂಗೇ."

"ಸರಿ. ದೊರೆಸ್ವಾಮಿ ವಾಸಿ ಮಾಡ್ಕೊಂಡು ಹತ್ತು ಬೆರಳು ಇಟ್ಕೊಂಡು ಬಂದ್ರೆ?"

ರಾಮಯ್ಯನವರು ಬೀಡಿಗೆಂದು ಗೀರಿದ ಕಡ್ಡಿ ಹಾಗೇ ಉರಿಯಿತು. ಬೆರಳು ಸುಟ್ಟಾಗ ಎಸೆದರು. ಇದನ್ನು ಅವರ್ಯಾರೂ ಯೋಚಿಸಿರಲೇ ಇಲ್ಲ. ಹಾಜರಿಯ ಪ್ರಕಾರ ಬೆರಳು ಹೋಗಿರುವುದು ದೊರೆಸ್ವಾಮಿಯದು. ಅವನು ಇನ್ನು ತನ್ನ ಹೆಸರಿನಲ್ಲೇ ವಾಪಸ್ಸು ಬರುವಂತಿಲ್ಲ.

೬ ಏಪ್ರಿಲ್, ಭಾನುವಾರ

ಸ್ಯಾನಟೋರಿಯಂಗೆ ಹೋದೆ. ಮರದ ಕೆಳಗಿನ ಬೆಂಚಿನಲ್ಲಿ ದೊರೆಸ್ವಾಮಿ. ಉದ್ದನೆಯ ಆಳು, ಕತ್ತು ಮಾತ್ರ ಉಳಿದ ಹಾಗೆ. ಪಕ್ಕದಲ್ಲಿ ಭಾಗ್ಯಮ್ಮ, ಊಟದ ಕ್ಯಾರಿಯರ್. ನನ್ನ ಕೈ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಕಟ್ಟು ನೋಡಿದರು. ದೊರೆಸ್ವಾಮಣ್ಣ ಮೊದಲು ಕೇಳಿದ್ದು —

"ಕಂಬಿ ಯಾರ್ ಬಿಚ್ಚಿದ್ದು?"

"ಪಂಚಾಂಗಕ್ಕೆ ಅಂತ..."

"ಪ್ರತಿ ವರ್ಸ ಬಿಚ್ತಾರೆ ಕಣಪ್ಪ. ಎಡಕ್ಕೆ ವಾಲಿ ನಿಂತ್ಕೊಂಡ್ರೆ ಕೈ ತಾನೇ ಈಚೆ ಬತ್ತದೆ. ಯಾರಾದ್ರೂ ನಿಂಗೆ ಏಳ್ಬೇಕಿತ್ತು. ನಾನೇ ಏಳಿ ಕಳಿಸ್ಬೇಕಿತ್ತು." ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಜೂನ್‌ಗೆ ಕಳಿಸ್ತೀವಿ ಅಂದವ್ರೆ ಡಾಕ್ಟ್ರು. ಕೆಲ್ಸ ಒಂದಿದ್ರೆ ಬದುಕ್ಕೊಂಡ್ಬುಡ್ತೀನಿ."

"ಅಣ್ಣ, ಇನ್‌ಸ್ಪೆಕ್ಟರ ಮುಂದೆ ನಾನು ನನ್ನ ಹೆಸರೇ ಹೇಳ್ತೀನಿ."

ಭಾಗ್ಯಮ್ಮ ಕ್ಯಾರಿಯರಿನ ಮುಚ್ಚಳ ಒತ್ತಿದರು. ಮತ್ತೆ ತೆಗೆದು ಮತ್ತೆ ಒತ್ತಿದರು. ದೊರೆಸ್ವಾಮಣ್ಣ ಬಗ್ಗಿ ನನ್ನ ಕೈಯ ಕಟ್ಟಿನ ಸಡಿಲ ತುದಿಯನ್ನು ಒಳಗೆ ಸಿಕ್ಕಿಸಿದರು. ಬೈದಿದ್ದರೆ ಚೆನ್ನಾಗಿತ್ತು.

೯ ಏಪ್ರಿಲ್, ಬುಧವಾರ

ಒಬ್ಬನೇ ಲೇಬರ್ ಆಫೀಸಿಗೆ ಹೋದೆ. ಮೆಟ್ಟಿಲ ಮೇಲೆ ಅರ್ಧ ದಿನ. ಕೊನೆಗೆ ಒಬ್ಬ ಅಧಿಕಾರಿ ಕರೆದು ಕೂರಿಸಿದರು.

"ಬದಲಿ ಆಳೋ ಖಾಯಮ್ಮೋ, ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಬರಬೇಕು ಕಣಯ್ಯ. ಆದರೆ ನಿನ್ನ ಹೆಸರಲ್ಲೇ ಕೇಳಬೇಕು."

ದೊರೆಸ್ವಾಮಣ್ಣನ ಹೆಸರು ಹೇಳದೆ ಇನ್ನೊಂದು ಕೇಳಿದೆ. "ಒಬ್ಬ ಖಾಯಂ ಕೆಲಸಗಾರ ಕಾಯಿಲೆ ಬಿದ್ದರೆ? ತಿಂಗಳುಗಟ್ಟಲೆ?"

"ಡಾಕ್ಟರ ಸರ್ಟಿಫಿಕೇಟ್ ಇಟ್ಟು ರಜಕ್ಕೆ ಅರ್ಜಿ ಕೊಟ್ಟಿರಬೇಕು. ಸಂಬಳ ಸಿಗದೆ ಹೋದರೂ ಅವನನ್ನು ಸುಲಭವಾಗಿ ತೆಗೆಯೋಕಾಗಲ್ಲ. ಅರ್ಜಿಯೇ ಇಲ್ಲ ಅಂದ್ರೆ, ಬಿಟ್ಟು ಹೋದ ಅಂತ ಮಾಲೀಕ ಹೆಸರು ಹೊಡೆದುಹಾಕ್ತಾನೆ."

ಒಂದು ರಜಾ ಚೀಟಿ! ನಾಲ್ಕು ತಿಂಗಳಿಂದ ಬಿಲ್ಲೆ, ಸಹಿ, ಕಳ್ಳಾಟ — ಎಲ್ಲಾ ಒಂದು ರಜಾ ಚೀಟಿಯ ಬದಲು. ರಜ ಕೇಳಿದರೆ ಕೆಲಸ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಯಾರೂ ಹೋಗಿ ಕೇಳಲಿಲ್ಲ.

ರಾಮಯ್ಯನವರಿಗೆ ಹೇಳಿದೆ. ಎದ್ದೇ ನಿಂತರು. "ಡಿಸೆಂಬರ್ ತಾರೀಕ್ ಆಕಿ ಈಗ ಬರಿ! ಸುಂದರೇಶನ್ ಕೈಲಿ ಫೈಲಿಗೆ ಸೇರಿಸ್ತೀನಿ. ಅವ್ನು ರಜದ ಮೇಲವ್ನೆ, ನೀನು ಅವನ್ ಬದಲಿ. ಅವನ್ಗೂ ಕೆಲ್ಸ, ನಿಂಗೂ ನಿನ್ ಹೆಸ್ರು. ಇಬ್ರೂ ಉಳ್ಕೋತೀರ ಕಣೋ!"

"ನೀವೇ ಬರೀರಿ."

"ನನ್ ಕೈಬರಹ ಆಫೀಸ್ನಲ್ಲಿ ಎಲ್ರಿಗೂ ಗೊತ್ತು. ನಿನ್ ಎಡಗೈದು ಯಾರಿಗ್ ಗೊತ್ತು?"

೧೦ ಏಪ್ರಿಲ್, ಗುರುವಾರ

ಭಾಗ್ಯಮ್ಮ ಸ್ಯಾನಟೋರಿಯಂಗೆ ಹೋಗಿ ಬಿಳಿ ಹಾಳೆಯ ಕೆಳಗೆ ಗಂಡನ ಸಹಿ ಹಾಕಿಸಿಕೊಂಡು ತಂದರು. ಡಾಕ್ಟರ ಸರ್ಟಿಫಿಕೇಟನ್ನೂ ತಂದರು. ಅದರಲ್ಲಿ ಡಿಸೆಂಬರಿನಿಂದ ಎಂದೇ ಇದೆ. ಕಾಯಿಲೆ ನಿಜ, ಡಾಕ್ಟರು ನಿಜ, ಸಹಿ ನಿಜ.

ಮೇಲೆ ಅರ್ಜಿ ಬರೆದೆ. ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು. ತಾರೀಕಿನ ಜಾಗ ಬಿಟ್ಟಿದ್ದೇನೆ.

ಅವ್ವ ಇಣುಕಿ ನೋಡಿದಳು. "ಈ ಸಲನಾದ್ರೂ ಜ್ವರ ಅಂತ ಬರ್ದ್ಬುಡೋ, ಮಗ." ನಗಲಿಲ್ಲ.

೧೧ ಏಪ್ರಿಲ್, ಶುಕ್ರವಾರ, ಸಂಜೆ

ಬೆಳಿಗ್ಗೆ ಡಿಸೆಂಬರ್ ಎಂದು ಬರೆಯಲು ಪೆನ್ನು ಊರಿದೆ. ಡಿಸೆಂಬರಿನಲ್ಲಿ ನನ್ನ ಬಲಗೈ ಪೂರ್ತಿ ಇತ್ತು. ಪೆನ್ನು ಅಲ್ಲೇ ನಿಂತಿತು. ೧೧-೪-೫೮ ಎಂದು ಹಾಕಿದೆ. ಇಂದಿನ ಅರ್ಜಿಗೂ ಏನಾದರೂ ಬೆಲೆ ಇರಬಹುದು ಎಂದುಕೊಂಡೆ. ಹಾಳೆಯನ್ನು ರಾಮಯ್ಯನವರಿಗೆ ಕೊಡಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡು ಹೋದೆ.

ಇನ್‌ಸ್ಪೆಕ್ಟರು ಮೆಷಿನ್ನಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಕಂಬಿ ಇತ್ತು — ನಿನ್ನೆ ಹಾಕಿದ್ದು, ಹೊಸ ಬೋಲ್ಟು ಹೊಳೆಯುತ್ತಿತ್ತು.

"ಹೆಸರು?"

"ಚೆಲುವರಾಜು."

"ಹಾಜರೀಲಿ ದೊರೆಸ್ವಾಮಿ ಅಂತಿದೆ?"

"ಅವರಿಗೆ ಡಿಸೆಂಬರಿನಿಂದ ಕಾಯಿಲೆ. ಅವರ ಬಿಲ್ಲೆಯ ಮೇಲೆ ನಾನಿದ್ದೆ. ಇದು ಅವರ ರಜಾ ಅರ್ಜಿ."

ಓದಿದರು. "ಇವತ್ತಿನ ತಾರೀಕಿದೆ."

"ಇವತ್ತೇ ಹಾಕಿದ್ದು ಸಾರ್."

ರಾಮಯ್ಯನವರು ಗೋಡೆಯ ಕಡೆ ತಿರುಗಿದರು. ಬೈಂಡಿಂಗಿನವರು ಯಾರೂ ತಮಾಷೆ ಮಾಡಲಿಲ್ಲ. ಮಾಲೀಕರು ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದರು. "ನಮಗೇನೂ ಗೊತ್ತೇ ಇರಲಿಲ್ಲ ನೋಡಪ್ಪ. ಹೇಳಿದ್ದು ಒಳ್ಳೇದಾಯ್ತು."

ಅವರಿಗೆ ಒಳ್ಳೆಯದಾಯಿತು.

೭ ಮೇ, ಬುಧವಾರ

ಲೇಬರ್ ಆಫೀಸಿನಿಂದ ಕಾಗದ. ಮೇಲೆ ನನ್ನ ಹೆಸರು, ತಂದೆಯ ಹೆಸರು, ಕೆಸರೆ. ಪರಿಹಾರ ಕೊಡಬೇಕೆಂದು ಪ್ರೆಸ್ಸಿಗೆ ಬರೆದಿದ್ದಾರೆ. ನಾನು ಅಲ್ಲಿ ಕೆಲಸ ಮಾಡಿದ್ದೆ ಎಂದು ಹೇಳುವ ಮೊದಲನೇ ಕಾಗದ ಇದು. ಕೆಲಸ ಬಿಟ್ಟ ಮೇಲೆ ಬಂತು.

ದೊರೆಸ್ವಾಮಣ್ಣನ ಹೆಸರನ್ನು ಮಾಲೀಕರು ಹೊಡೆದುಹಾಕಿದರಂತೆ. ಅರ್ಜಿ ತಡ ಎಂದು. ಅವರು ಹೊರಗೆ ಬಂದ ಮೇಲೆ ಕೇಸು ಹಾಕಬಹುದಂತೆ. ವರ್ಷ ಹಿಡಿಯುತ್ತದಂತೆ. ನನ್ನ ದುಡಿಮೆಯಿಂದ ಹಿಡಿದ ಪ್ರಾವಿಡೆಂಟ್ ಫಂಡ್ ಅವರ ಲೆಕ್ಕದಲ್ಲೇ ಇದೆ. ಅದನ್ನು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಇರಲಿ. ಅವರಿಗೇ ಇರಲಿ.

ರಾಮಯ್ಯನವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಮಧ್ಯಾಹ್ನ ಭಾಗ್ಯಮ್ಮ ಬಂದರು. ನಜರ್‌ಬಾದಿನಿಂದ ನಡೆದೇ ಬಂದಿದ್ದರು. ಅವ್ವ ಚಾಪೆ ಹಾಕಿದಳು. ಕೂರಲಿಲ್ಲ, ನೀರು ಕುಡಿದರು.

"ನಿಂದೇನೂ ತಪ್ಪಿಲ್ಲ ಕಣಪ್ಪ. ನಿನ್ ಬೆರಳು ಓಯ್ತು," ಅಂದರು. ಹೊಸ್ತಿಲು ದಾಟಿ ನಿಂತರು. "ಒಂದ್ ತಾರೀಕು. ಅಷ್ಟೇ ಅಲ್ವಾ ಬೇಕಾಗಿದ್ದಿದ್ದು?"

ಹೋದರು. ಅವ್ವ ಲೋಟ ತೊಳೆದಳು.

ಸುಳ್ಳು ಬರೆಯಲಿಲ್ಲ, ಅದೇನೋ ನಿಜ. ಆದರೆ ಆಸ್ಪತ್ರೆಯಲ್ಲಿ ಸೂಜಿಗಾಗಿ ಮೂರು ದಿನ ಓಗೊಟ್ಟೆನಲ್ಲ. ನನ್ನ ನೋವಿಗೆ ದೊರೆಸ್ವಾಮಣ್ಣನ ಹೆಸರು ಬೇಕಾಯಿತು. ಅವರ ನೋವಿಗೆ ನನ್ನಿಂದ ಒಂದು ತಾರೀಕು ಬೇಕಿತ್ತು —