ಸಾಹೇಬರ ಕುರ್ಚಿಯಲ್ಲಿ ಒಂದು ಗಂಟೆ

ನಮ್ಮ ಕುರ್ಚಿ ಮೇಜು ಅಳೆಯಲು ಬಂದಿದ್ದ ಮೇಡಂ ಅವರಿಗೆ,

ನಮಸ್ಕಾರ. ಇಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆ ಯಾವ ತೊಂದರೆಯೂ ಇಲ್ಲ ಅಂತ ನೀವು ಕೊಟ್ಟ ವರದಿ ಓದಿ ಮೈಯೆಲ್ಲ ಉರಿದುಹೋಯಿತು. ಮಂಗಳವಾರ ನೀವು ಟೇಪು ಹಿಡಿದು ಅಳೆದದ್ದು ನಮ್ಮ ಮ್ಯಾನೇಜರ್ ಸಾಹೇಬರ ಕುರ್ಚಿ. ನೀವು ಬರುತ್ತೀರಿ ಅಂತ ಗೊತ್ತಾಗಿ ಅದನ್ನು ನನ್ನ ಮೇಜಿಗೆ ತಳ್ಳಿಸಿದ್ದರು. ನೀವು ಮೆಟ್ಟಿಲಿಳಿಯುವ ಮೊದಲೇ ಅದು ವಾಪಸ್ ಹೋಯಿತು. ಕೈ ಮುರಿದ ನನ್ನ ಹಳೇ ಕುರ್ಚಿ ಸ್ಟೋರಿನಿಂದ ಬಂತು, ನಾನು ಮನೆಯಿಂದ ತಂದಿಟ್ಟ ದಿಂಬಿನ ಸಮೇತ.

ನೋವಿದೆಯಾ ಅಂತ ಕೇಳಿದಿರಿ. ನಾನೊಬ್ಬಳು ಮಂಕುದಿಣ್ಣೆ, ಇಲ್ಲ ಅಂದೆ. ಅದು ಸುಳ್ಳೂ ಅಲ್ಲ. ಹನ್ನೊಂದು ವರ್ಷದಲ್ಲಿ ಆ ಒಂದು ಗಂಟೆ ಮಾತ್ರ ನನ್ನ ಸೊಂಟ ನೋಯಲಿಲ್ಲ.

ದಯವಿಟ್ಟು ಇನ್ನೊಮ್ಮೆ ಬನ್ನಿ. ಬರುವ ಮುಂಚೆ ಫೋನ್ ಮಾತ್ರ ಮಾಡಬೇಡಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಸುಖವಾಗಿರುವ,
ಕಿಟಕಿ ಪಕ್ಕದ ಟೈಪಿಸ್ಟ್