ಕಾರಣವರ ಬ್ರಾಂಡಿ

ನವೆಂಬರ್ ೧೪, ೧೯೩೮. ಸೋಮವಾರ

ಬೆಳಿಗ್ಗೆ ಹಾಜರಿ. ಹೆಸರು ಕೂಗಿದರೆ ದನಿ ಬರುತ್ತದೆ, ಆಳು ಕಾಣುವುದಿಲ್ಲ, ಅಷ್ಟು ಮಂಜು. ಮೈಸೂರಿನಲ್ಲಿ ಬಿ.ಎ. ಓದಿ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದದ್ದು ಮಂಜಿಗೆ ಹಾಜರಿ ಹಾಕಲಿಕ್ಕೆ. ಇರಲಿ.

ಸಾಹುಕಾರ ಪೊನ್ನಪ್ಪನವರು ಕರೆಸಿದರು. ಗೇಟಿನೆದುರಿನ ಸಾರಾಯಿ ಅಂಗಡಿ ಅವರ ಜಾಗದಲ್ಲಿತ್ತು, ಎತ್ತಿಸಿದರು. ಇನ್ನು ಆಳುಗಳ ಲೈನುಮನೆಗಳಲ್ಲೂ ತೊಟ್ಟು ಕೂಡದು. ಮಳೆಗಾಲದಲ್ಲಿ ಲೈನಿನ ಆಳು ಮಾದ ಕುಡಿದು, ತುಂಬಿ ಹರಿಯುವ ತೋಡಿಗೆ ಬಿದ್ದು ಸತ್ತಾಗಿನಿಂದ ಅವರಿಗೆ ನೆಮ್ಮದಿಯಿಲ್ಲ. ಖಾದಿ ತೊಟ್ಟು, ಆಣೆ ಹಾಕಿ, ತಾವೂ ಬಿಟ್ಟಿದ್ದಾರೆ. ನೋಟೀಸು ನನ್ನದು —

ಕುಡಿದವರಿಗೆ ಲೈನಿಲ್ಲ,
ಕುಡಿಯದವರಿಗೆ ಫೈನಿಲ್ಲ.

ಸಾಹುಕಾರರಿಗೆ ಪ್ರಾಸ ಹಿಡಿಸಿತು. ಲೈನಿನಲ್ಲಿ ಓದು ಬಲ್ಲವರಿಲ್ಲ. ನಾನೇ ಕೂಗಿ ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು.

ನವೆಂಬರ್ ೨೭, ಭಾನುವಾರ

ಹೆಂಗಸರ ಮುಖದಲ್ಲಿ ಗೆಲುವು ಬಂದಿದೆ, ಸುಳ್ಳಲ್ಲ. ಮುದುಕರು ಗೊಣಗುತ್ತ ಬೆಲ್ಲದ ಕಾಫಿಗೆ ಒಗ್ಗಿಕೊಂಡರು. ಹುಡುಗರದೇ ಫಜೀತಿ. ಅಂಗಡಿಯಿದ್ದಾಗ ಮೀಸೆ ಮೂಡದವರನ್ನು ಅಂಗಡಿಯವನೇ, ಅಪ್ಪನಿಗೆ ಹೇಳುತ್ತೇನೆಂದು ಹೆದರಿಸಿ ಅಟ್ಟುತ್ತಿದ್ದ. ಈಗ ಗುಡ್ಡದಾಚೆ ಯಾರೋ ಕಳ್ಳಭಟ್ಟಿ ಇಳಿಸುತ್ತಾನಂತೆ. ಅವನು ಮೀಸೆ ನೋಡುವುದಿಲ್ಲ.

ಅಂಗಡಿಗೆ ಬೀಗ, ಕಾಡಿಗೆ ಹೆಜ್ಜೆ ಬೇಗ. ಇದನ್ನು ನೋಟೀಸು ಮಾಡುವಂತಿಲ್ಲ.

ಮಾದನ ಮಗ ಚೆನ್ನಯ್ಯ ಮಾತ್ರ ಅತ್ತ ಹೋದವನಲ್ಲ. ಹದಿನೆಂಟರವನು, ಅಪ್ಪನ ಹೆಣವನ್ನು ತೋಡಿನಿಂದ ಎತ್ತಿದವನು. ವಾಸನೆಗೇ ಮುಖ ತಿರುಗಿಸುತ್ತಾನೆ. ಸಂಜೆ ಆಫೀಸಿಗೆ ಬಂದು ಅಕ್ಷರ ತಿದ್ದುತ್ತಾನೆ. ಮುಂದೆ ಅಸಿಸ್ಟೆಂಟ್ ಮಾಡಿಕೊಳ್ಳಬೇಕೆಂದು ಆಸೆ. ಅವನಿಗೆ ಹೇಳಿಲ್ಲ.

ಡಿಸೆಂಬರ್ ೫, ಸೋಮವಾರ. ಮಧ್ಯಾಹ್ನ

ಡಾಕ್ಟರನ್ನು ಕಾಯುತ್ತ ಬರೆಯುತ್ತಿದ್ದೇನೆ.

ಚೆನ್ನಯ್ಯ ಹಾಜರಿಗೆ ಬರಲಿಲ್ಲ. ಅವನ ತಾಯಿ ಬೋಜಮ್ಮ ಓಡಿ ಬಂದಳು. "ರೈಟ್ರಯ್ಯಾ, ಮಗ ವಾಂತಿ ಮಾಡ್ತಾ ಉಂಟು. ಬಿಸಿಲಲ್ಲಿ ಕೂತು ಮಂಜು ಮಂಜು ಅಂತಾನೆ."

ಹೋದೆ. ಮುಖದೆದುರು ಕೈಯಾಡಿಸಿದೆ. ರೆಪ್ಪೆ ಬಡಿಯಲಿಲ್ಲ.

ಕೇಳಿ ತಿಳಿದದ್ದು: ಹುತ್ತರಿ ಹಬ್ಬ ಹತ್ತಿರ ಬಂತು, ಅದಕ್ಕೆ ಮೊದಲು ಸತ್ತ ಹಿರಿಯರಿಗೆ ಎಡೆಯಿಡಬೇಕು. ಮಾದನಿಗೆ ಇದು ಮೊದಲ ಎಡೆ. ಸಾರಾಯಿ ಇಲ್ಲದ ಎಡೆಯನ್ನು ಸತ್ತವರು ಮುಟ್ಟುವುದಿಲ್ಲ, ಮುನಿದು ಹೋಗುತ್ತಾರೆ. ಕಳ್ಳಭಟ್ಟಿಯವನ ಬಳಿ ಹೋಗಲು ಚೆನ್ನಯ್ಯನಿಗೆ ಮನಸ್ಸಿಲ್ಲ. ಅವನ ಗೆಳೆಯ ಮಾರ ಸಾಹುಕಾರರ ಬಂಗಲೆಯಲ್ಲಿ ದೀಪ ಹೊತ್ತಿಸುವವನು; ಪೆಟ್ರೊಮ್ಯಾಕ್ಸಿಗೆ ಹಾಕುವ ಸ್ಪಿರಿಟ್ ತಂದುಕೊಟ್ಟ. ಸಾರಾಯಿಯ ಹಾಗೇ ಉರಿಯುತ್ತದೆ, ಆದ್ದರಿಂದ ಸಾರಾಯಿಯೇ. ಇಬ್ಬರ ತರ್ಕ. ಬೆಲ್ಲ, ಶುಂಠಿ, ನೀರು ಬೆರೆಸಿ ನಿನ್ನೆ ಸಂಜೆ ಎಡೆಗೆ ಇಟ್ಟರು. ಎಡೆ ಎತ್ತಿದ ಮೇಲೆ ಹಿರಿಯ ಮಗ ಮೊದಲು ಕುಡಿಯಬೇಕು, ಆಮೇಲೆ ಉಳಿದವರು. ಮೂಗು ಹಿಡಿದು ಕುಡಿದನಂತೆ. ವಾಸನೆ ತಾಳದೆ ಬೋಜಮ್ಮ ಮಿಕ್ಕದ್ದನ್ನು ಹಿತ್ತಲಿಗೆ ಚೆಲ್ಲಿದಳು. ಚಿಕ್ಕ ಮಕ್ಕಳು ಹಾಗೆ ಉಳಿದವು.

ಪ್ರಾಸ ಹೊಳೆಯುತ್ತಿಲ್ಲ. ಹೊಳೆಯುವುದೂ ಬೇಡ. ಡಾಕ್ಟರಿಗೆ ಕಾರು ಹೋಗಿದೆ…

ಅದೇ ದಿನ, ಸಂಜೆ

ವಿರಾಜಪೇಟೆಯಿಂದ ಡಾಕ್ಟರು ಬಂದರು. ಸ್ಪಿರಿಟು ವಿಷ, ಕಣ್ಣು ತಿನ್ನುತ್ತದೆಂದು ಸೋಡಾಪುಡಿ ಕಲಸಿದ ನೀರು ಕುಡಿಸಿದರು. ನಾಡಿ ಕುಗ್ಗುತ್ತಿದೆ, ಬ್ರಾಂಡಿ ಬೇಕು ಎಂದರು. ಅವರ ಬ್ಯಾಗಿನ ಸೀಸೆ ಬೆಳಿಗ್ಗೆ ಯಾವುದೋ ಹೆರಿಗೆಗೆ ಮುಗಿದಿತ್ತು. ಪೇಟೆಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಕಣ್ಣು? ಎಂದೆ. "ಮೊದಲು ಜೀವ ನಿಲ್ಲಲಿ," ಎಂದರು.

ಇಡೀ ಎಸ್ಟೇಟಿನಲ್ಲಿ ತೊಟ್ಟಿಲ್ಲ. ನನ್ನ ನೋಟೀಸು ಅಷ್ಟು ಚೆನ್ನಾಗಿ ಕೆಲಸ ಮಾಡಿದೆ.

ಬಂಗಲೆಗೆ ಓಡಿದೆ. ಸಾಹುಕಾರರ ಬಳಿ ಇರಲಾರದೆಂದು ಗೊತ್ತು. ಪಕ್ಕದ ಎಸ್ಟೇಟಿನ ಬಿಳಿ ದೊರೆಗೊಂದು ಚೀಟಿ ಕೇಳೋಣವೆಂದು. ಪೊನ್ನಪ್ಪನವರು ಕೇಳಿಸಿಕೊಂಡು ಒಳಗೆ ಹೋದರು. ದೇವರ ಕೋಣೆಯಿಂದ ಬಟ್ಟೆ ಸುತ್ತಿದ ಬಾಟ್ಲಿ ತಂದರು. ಸೀಲು ಒಡೆಯದ ಬ್ರಾಂಡಿ.

ನನ್ನ ಮುಖ ಏನು ಹೇಳಿತೋ.

"ನನ್ನದಲ್ಲ ರೈಟ್ರೇ. ಕಾರಣವರದ್ದು. ಸತ್ತುಹೋದ ಹಿರಿಯರಿಗೆ ನಾನು ಹೇಗೆ ನೋಟೀಸು ಕೊಡಲಿ?"

"ಹಾಗಾದರೆ ಅವರ ಎಡೆಗೆ?"

"ಈ ವರ್ಷ ಕಾಫಿ ಕುಡೀತಾರೆ. ನೀವು ಓಡಿ."

ಡಿಸೆಂಬರ್ ೬, ಬೆಳಿಗ್ಗೆ

ಜೀವ ಇದೆ.

ಗುಣ ಸೋಡಾಪುಡಿಯದೋ ಬ್ರಾಂಡಿಯದೋ, ಡಾಕ್ಟರಿಗೂ ಖಾತ್ರಿಯಿಲ್ಲ. ಚಮಚ ಚಮಚವಾಗಿ ಕುಡಿಸಿದ್ದಷ್ಟೇ. ಬೆಳಗಾಗುತ್ತಲೇ ಚೆನ್ನಯ್ಯ ತುಟಿ ಸವರಿಕೊಂಡು, "ಇದು ಇಷ್ಟು ಚೆನ್ನಾಗಿರ್ತದಾ?" ಎಂದ. ಬೋಜಮ್ಮ ತಲೆಗೊಂದು ಮೊಟಕಿದಳು. "ಮೊದಲು ಕಣ್ಣು ಬರಲಿ. ನಾಲಿಗೆಗೆ ಆಮೇಲೆ ಉಂಟು ನಿಂಗೆ."

ಡಾಕ್ಟರು ನಕ್ಕರು. ನಾನು ಹೊರಗೆ ಬಂದು ಕಾಫಿ ಗಿಡದ ಮರೆಯಲ್ಲಿ ಅತ್ತೆ.

ಕಣ್ಣಿಗೆ ಬೆಳಕು ಗೊತ್ತಾಗುತ್ತದೆ, ಆಕಾರ ಇಲ್ಲ. ದೃಷ್ಟಿ ಬಂದರೆ ಬಂತು, ಬಣ್ಣ ಕೊನೆಗೆ — ಡಾಕ್ಟರ ಮಾತು.

ಡಿಸೆಂಬರ್ ೯, ಶುಕ್ರವಾರ

ಹುತ್ತರಿ ಮುಗಿಯಿತು. ಸಾಹುಕಾರರು ನಿಜಕ್ಕೂ ಕಾಫಿಯನ್ನೇ ಎಡೆಯಿಟ್ಟರಂತೆ. ನೆಂಟರು ಮುಖ ಗಂಟಿಕ್ಕಿದರು. ಹಿರಿಯರಿಂದ ಈವರೆಗೆ ದೂರು ಬಂದಿಲ್ಲ.

ಹೊಸ ಕಟ್ಟಳೆ: ಕುಡಿತ ಕೂಡದು ಎಂಬುದು ಹಾಗೇ ಇರಲಿ. ಎಡೆಗೆ ಬೇಕಾದ ಒಂದು ಬಟ್ಟಲು ಬಂಗಲೆಯಿಂದಲೇ, ಮನೆಯ ಹಿರಿಯರ ಕೈಗೆ. ಸ್ಪಿರಿಟಿಗೆ ಬೀಗ. ಮಾರನನ್ನು ಬಯ್ಯಬಾರದು, ಅವನು ಆಗಲೇ ಊಟ ಬಿಟ್ಟಿದ್ದಾನೆ.

"ಈ ಸಲ ಪ್ರಾಸ ಬೇಡ ರೈಟ್ರೇ," ಎಂದರು. ಕಷ್ಟಪಟ್ಟು ಬರೆದೆ.

ಡಿಸೆಂಬರ್ ೨೮, ಬುಧವಾರ

ಚೆನ್ನಯ್ಯ ನಿನ್ನೆಯಿಂದ ಕಾಫಿ ಪಿಕಿಂಗಿಗೆ ಬರುತ್ತಿದ್ದಾನೆ. ಯಾರ ಕೈಯೂ ಹಿಡಿಯದೆ ನಡೆಯುತ್ತಾನೆ. ಬೆಳಿಗ್ಗೆ ನನ್ನನ್ನು ದಿಟ್ಟಿಸಿ, ರೈಟ್ರು ಮುದುಕರಾದರು ಎಂದ. ಇಷ್ಟು ಹಿತವಾದ ಅವಮಾನ ಆದದ್ದಿಲ್ಲ.

ಆದರೆ ಬಣ್ಣ? ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣು ಕೀಳುವ ಕೆಲಸ. ಕೇಳಲು ಧೈರ್ಯವಾಗಲಿಲ್ಲ. ಮಧ್ಯಾಹ್ನ ಅವನ ಸಾಲಿಗೆ ಹೋಗಿ ಸುಮ್ಮನೆ ಬುಟ್ಟಿಗೆ ಕೈ ಹಾಕಿದೆ. ಮೇಲೆ ಕೆಂಪು. ನಡುವೆ ಕೆಂಪು. ತಳದಲ್ಲಿ ಒಂದು ಹಿಡಿ ಹಸಿರು.

ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದೆ.

"ಆ ಹಸಿರು ಬೆಳ್ಳಿದು ರೈಟ್ರಯ್ಯಾ. ಅವಳು ಕಿತ್ತ ಕಾಯಿ ನನ್ನ ಬುಟ್ಟಿಗೆ ಹಾಕ್ತಾಳೆ. ಕುರುಡನಿಗೆ ಗೊತ್ತಾಗಲ್ಲ ಅಂತ."

ಪಕ್ಕದ ಸಾಲಿನಲ್ಲಿ ಬೆಳ್ಳಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕಾಯಿ ಕಿತ್ತದ್ದಕ್ಕೆ ಬಯ್ಯಬೇಕು, ಅದು ನನ್ನ ಕೆಲಸ. ಬಯ್ಯಲೆಂದೇ ಬಾಯಿ ತೆರೆದೆ. ಬಂದದ್ದು ಪ್ರಾಸ —

ಬುಟ್ಟಿ ತಳದಲ್ಲಿ ಹಸಿರು,
ರೈಟರಿಗೆ ಬಂತು ಉಸಿರು.